ಮಾಹಿತಿ ವಿಜ್ಞಾನದ ಪಿಎಚ್‌ಡಿ: ಎಣಿಕೆಯ ಆಚೆಗೂ ಪ್ರಶ್ನೆಗಳಿವೆ

ಮಾನ್ಯ ಸಂಪಾದಕರೇ,

ಮಾಹಿತಿ ವಿಜ್ಞಾನದಲ್ಲಿ ಪಿಎಚ್‌ಡಿಗೆ ಸಲ್ಲಿಕೆಯಾಗುವ ಎಷ್ಟೋ ಪ್ರಬಂಧಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಯಾವುದಾದರೊಂದು ಉಲ್ಲೇಖ ದತ್ತಸಂಚಯದಿಂದ (ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ದಾಖಲಿಸುವ ಗಣಕ ಭಂಡಾರದಿಂದ) ಸಾವಿರಾರು ಲೇಖನಗಳ ವಿವರ ಇಳಿಸಿಕೊಂಡು, ವರ್ಷವಾರು, ದೇಶವಾರು, ಲೇಖಕವಾರು ಕೋಷ್ಟಕಗಳನ್ನು ಸಿದ್ಧಪಡಿಸಿ, ಕೊನೆಗೆ ‘ಈ ಕ್ಷೇತ್ರದಲ್ಲಿ ಪ್ರಕಟಣೆಗಳು ಹೆಚ್ಚುತ್ತಿವೆ’ ಎಂದು ತೀರ್ಮಾನಿಸಲಾಗುತ್ತದೆ. ಯಾವ ಕ್ಷೇತ್ರದಲ್ಲಿ ತಾನೇ ಹೆಚ್ಚುತ್ತಿಲ್ಲ?

ಎಣಿಕೆಯನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಎರಡು ಲೇಖನ ಬರೆದವರ ಸಂಖ್ಯೆ ಒಂದೇ ಲೇಖನ ಬರೆದವರ ಸುಮಾರು ನಾಲ್ಕನೇ ಒಂದು ಭಾಗ, ಮೂರು ಬರೆದವರದು ಒಂಬತ್ತನೇ ಒಂದು ಭಾಗ ಎಂಬ ನಿಯಮವನ್ನು ಗಣಿತಜ್ಞ ಆಲ್ಫ್ರೆಡ್ ಲೋಟ್ಕಾ 1926ರಲ್ಲಿ ಮುಂದಿಟ್ಟದ್ದು ಎಣಿಸಿಯೇ. ಆದರೆ ಇಂದು ಅದೇ ನಿಯಮವನ್ನು ಅನ್ವಯಿಸುವ ಅನೇಕರು ಲೇಖಕರ ಹೆಸರುಗಳನ್ನು ಸರಿಪಡಿಸುವ ಗೋಜಿಗೇ ಹೋಗುವುದಿಲ್ಲ. ಒಬ್ಬರ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ ಬಂದು, ಮತ್ತೊಂದು ಕಡೆ ಬಿಟ್ಟೇಹೋಗಿದ್ದರೆ ತಂತ್ರಾಂಶದ ಲೆಕ್ಕದಲ್ಲಿ ಅವರು ಮೂವರು. ಮೂರು ಲೇಖನ ಬರೆದ ಒಬ್ಬರು ಒಂದೊಂದು ಬರೆದ ಮೂವರಾಗಿ, ಒಂದೇ ಲೇಖನ ಬರೆದವರನ್ನು ತೋರಿಸುವ ಕೋಷ್ಟಕದ ಮೊದಲ ಸಾಲೇ ಊದಿಕೊಳ್ಳುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೆದಕಿ ಕೇಳುವ ಪರೀಕ್ಷಕರೂ ವಿರಳ.

ಇದಕ್ಕೆ ಹೋಲಿಸಿದರೆ, 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ ಮತ್ತು ಸಂಗಡಿಗರು ಕೈಗೊಂಡ ಕೆಲಸ ಎಷ್ಟು ತಾಳ್ಮೆ ಬೇಡುವಂಥದ್ದು! ಮುಖ್ಯವಾಗಿ ವೈಮಾನಿಕ ವಿಜ್ಞಾನಕ್ಕೆ ಸೇರಿದ ಸುಮಾರು 1,400 ಲೇಖನಗಳನ್ನೂ 200ಕ್ಕೂ ಹೆಚ್ಚು ಪ್ರಶ್ನೆಗಳನ್ನೂ ಇಟ್ಟುಕೊಂಡು, ಯಾವ ಪ್ರಶ್ನೆಗೆ ಯಾವ ಲೇಖನ ಪ್ರಸ್ತುತವೆಂಬುದನ್ನು ತಜ್ಞರಿಂದಲೇ ತೀರ್ಮಾನಿಸಿ, ಅದರ ಆಧಾರದ ಮೇಲೆ ಹುಡುಕಾಟದ ಪದ್ಧತಿಗಳನ್ನು ಅಳೆದರು. ಹುಡುಕಾಟ ವ್ಯವಸ್ಥೆಗಳ ಗುಣಮಟ್ಟವನ್ನು ಪರೀಕ್ಷಿಸುವವರು ಇಂದಿಗೂ ಬಹುಮಟ್ಟಿಗೆ ಅದೇ ದಾರಿ ಹಿಡಿಯುತ್ತಾರೆ. ಅದರಾಚೆಗೂ, ಓದುಗನಿಗೆ ನಿಜಕ್ಕೂ ಏನು ಬೇಕಿತ್ತು, ಸಿಕ್ಕಿದ್ದನ್ನು ಅವನು ಏಕೆ ನಂಬಿದ, ಯಾವ ಹಂತದಲ್ಲಿ ಹುಡುಕುವುದನ್ನು ಕೈಬಿಟ್ಟ ಎಂಬ ಪ್ರಶ್ನೆಗಳು ಹೊಸ ಸಂಶೋಧಕರಿಗಾಗಿ ಕಾದಿವೆ.

ವಿದ್ಯಾರ್ಥಿಗಳನ್ನಷ್ಟೇ ದೂರಿ ಫಲವಿಲ್ಲ. ಶಿಷ್ಯವೇತನದ ಅವಧಿ ಮುಗಿಯುವುದರೊಳಗೆ ಲೇಖನಗಳೂ ಪ್ರಕಟವಾಗಬೇಕು ಎಂದಾಗ, ಬೇಗ ಮುಗಿಯುವ ವಿಷಯವನ್ನೇ ಅವರು ಆರಿಸಿಕೊಳ್ಳುವುದು ಸಹಜ. ಮಾರ್ಗದರ್ಶಕರೂ ಅದಕ್ಕೆ ತಲೆಯಾಡಿಸುತ್ತಾರೆ.

ಆದ್ದರಿಂದ ಸಂಶೋಧನಾ ಸಮಿತಿಗಳು, ಯಾವ ದತ್ತಸಂಚಯ ಎಂದು ಕೇಳುವುದಕ್ಕೆ ಮೊದಲು ಯಾವ ಪ್ರಶ್ನೆ ಎಂದು ಕೇಳಲಿ. ಎಣಿಕೆಯ ಅಧ್ಯಯನಕ್ಕೆ ಒಪ್ಪಿಗೆ ನೀಡುವುದಾದರೆ, ಪ್ರಬಂಧದ ಜೊತೆಗೆ ಮೂಲ ದತ್ತಾಂಶವನ್ನೂ ಸಲ್ಲಿಸುವುದು ಕಡ್ಡಾಯವಾಗಲಿ. ಪರವಾನಗಿಯ ಷರತ್ತು ಅದಕ್ಕೆ ಅಡ್ಡಬಂದರೆ, ಹುಡುಕಲು ಬಳಸಿದ ಪದಗಳು, ಹುಡುಕಿದ ದಿನಾಂಕ, ಹೆಸರುಗಳನ್ನು ಸರಿಪಡಿಸಿದ ಕ್ರಮ ಇವಿಷ್ಟನ್ನಾದರೂ ಅನುಬಂಧದಲ್ಲಿ ಕೊಡುವಂತಾಗಲಿ.

ಇಂತಿ,
ಮಾಹಿತಿ ವಿಜ್ಞಾನದ ಓರ್ವ ಅಧ್ಯಾಪಕ