ದೊಡ್ಡ ಹಡಗು ಬಂತು ಸರಿ, ಸಣ್ಣ ದೋಣಿ ಮೇಲೆ ಕಣ್ಣಿಡೋರ್ಯಾರು?

ಮಾನ್ಯ ಸಂಪಾದಕರೇ,

ಕರಾವಳಿ ಭದ್ರತೆ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಲೇಖನ ಓದ್ದೆ. ಯುದ್ಧನೌಕೆ, ಡ್ರೋನ್, ಹೊಸ ರೇಡಾರ್ ಎಲ್ಲಾ ಬರ್ಲಿ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ಸಮುದ್ರದ ಕಡೆಯಿಂದ ನಮಗೆ ಬಿದ್ದ ಎರಡು ದೊಡ್ಡ ಏಟೂ ಸಣ್ಣ ದೋಣಿಲಿ ಬಂದಿದ್ದು ಅನ್ನೋದನ್ನ ಲೇಖನದಲ್ಲಿ ಮರ್ತೇಬಿಟ್ಟಿದೀರಿ.

1993ರ ಮುಂಬೈ ಸ್ಫೋಟದ ಆರ್‌ಡಿಎಕ್ಸ್ ಅನ್ನೋ ಸ್ಫೋಟಕ ಇಳಿದಿದ್ದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಶೇಖಾಡಿ ದಡದಲ್ಲಿ, ಆ ಕೇಸಲ್ಲಿ ಕಸ್ಟಮ್ಸ್‌ನವರಿಗೂ ಪೊಲೀಸರಿಗೂ ಶಿಕ್ಷೆ ಆಗಿದೆ, ಅಂದ್ರೆ ಕಾಯೋರೇ ಕಣ್ಮುಚ್ಚಿದ್ರು. 15 ವರ್ಷ ಆದ್ಮೇಲೆ, 2008ರ ನವೆಂಬರ್ 26ಕ್ಕೆ, ಕರಾಚಿಯಿಂದ ಹೊರಟ 10 ಜನ ಉಗ್ರರು ನಮ್ಮದೇ 'ಕುಬೇರ್' ಅನ್ನೋ ಮೀನುಗಾರಿಕೆ ಬೋಟನ್ನ ಹಿಡ್ಕೊಂಡು ಮುಂಬೈ ಹತ್ರ ಬಂದು, ಆಮೇಲೆ ಗಾಳಿ ತುಂಬಿದ ರಬ್ಬರ್ ದೋಣಿಲಿ ದಡಕ್ಕೆ ಇಳಿದ್ರು, 166 ಜನ ಸತ್ರು. ಅವರು ಇಳಿಯೋದನ್ನ ಮೊದಲು ನೋಡಿ ಯಾರ್ರೋ ನೀವು ಅಂತ ಕೇಳಿದ್ದು ರೇಡಾರೂ ಅಲ್ಲ ನೇವಿನೂ ಅಲ್ಲ, ಅಲ್ಲಿನ ಮೀನುಗಾರರ ಕೇರಿಯವರು.

ಹಡಗುಗಳ ಗುರುತು ಹೇಳೋ ಎಐಎಸ್ ಅಂತ ಒಂದು ಉಪಕರಣ ಇದೆ, ಹೆಸರು, ಜಾಗ, ವೇಗ ಎಲ್ಲಾ ಬಿತ್ತರಿಸ್ತಾ ಇರುತ್ತೆ. ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಕಡ್ಡಾಯ ಇರೋದು ದೇಶದಿಂದ ದೇಶಕ್ಕೆ ಓಡಾಡೋ 300 ಗ್ರಾಸ್ ಟನ್ ಮೇಲಿನ ಹಡಗುಗಳಿಗೆ ಮತ್ತೆ ಪ್ರಯಾಣಿಕರ ಹಡಗುಗಳಿಗೆ, ಅದನ್ನೂ ಬೇಕಂದಾಗ ಆಫ್ ಮಾಡಬಹುದು. ಮರದ್ದು, ಫೈಬರ್‌ದು ಸಣ್ಣ ದೋಣಿ ಆದ್ರೆ ಅಲೆ ಜೋರಿದ್ದಾಗ ರೇಡಾರ್ ಪರದೆ ಮೇಲೆ ಅಲೆ ಯಾವುದು ದೋಣಿ ಯಾವುದು ಗೊತ್ತಾಗಲ್ಲ. ಸಣ್ಣದು ಬಿಡಿ, 2011ರಲ್ಲಿ ಒಮಾನ್ ಹತ್ರ ಸಿಬ್ಬಂದಿ ಬಿಟ್ಟುಹೋದ 'ಪವಿತ್' ಅನ್ನೋ ಹಡಗು ತೇಲ್ಕೊಂಡು ತೇಲ್ಕೊಂಡು ಜುಹು ಬೀಚಿಗೇ ಬಂದು ನಿಂತಿತ್ತು, ಅಷ್ಟರಲ್ಲಿ 26/11 ಆಗಿ ಮೂರು ವರ್ಷನೂ ಆಗಿರಲಿಲ್ಲ!

ಹೊಣೆ ಹಂಚಿದ್ದೇನೋ ಹಂಚಿದಾರೆ. ಒಟ್ಟಾರೆ ನೇವಿ, 12 ನಾಟಿಕಲ್ ಮೈಲಿ ಅಂದ್ರೆ ಸುಮಾರು 22 ಕಿ.ಮೀ. ತನಕ ಕೋಸ್ಟ್ ಗಾರ್ಡ್, ದಡದ ಹತ್ರ ಕರಾವಳಿ ಪೊಲೀಸ್. ಈ ಕೊನೆಯವರ ಕೈಗೆ ಬೋಟ್ ಕೊಟ್ರೂ ನಡೆಸೋರಿಲ್ಲದೆ, ರಿಪೇರಿ ಇಲ್ಲದೆ ಸುಮ್ನೆ ನಿಂತಿದ್ದನ್ನ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿಗಳೇ ಹೇಳಿವೆ. ಡೀಸೆಲ್‌ಗೆ, ಮೆಕ್ಯಾನಿಕ್‌ಗೆ ದುಡ್ಡಿಡೋದು ಉದ್ಘಾಟನೆ ಫೋಟೋಗೆ ಚೆನ್ನಾಗಿ ಬರಲ್ಲ ನೋಡಿ.

ಈಗ ದೋಣಿ ಎಲ್ಲಿದೆ ಅಂತ ಉಪಗ್ರಹದ ಮೂಲಕ ತಿಳಿಸೋ, ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್‌ಗಳನ್ನ 1 ಲಕ್ಷ ಮೀನುಗಾರಿಕೆ ದೋಣಿಗಳಿಗೆ ಹಾಕೋ ಯೋಜನೆ ನಡೀತಿದೆ, ಒಳ್ಳೇದೇ. ಆದ್ರೆ ಅದನ್ನ ನಿಮ್ಮ ಮೇಲೆ ಕಣ್ಣಿಡೋಕೆ ಅಂತ ಹೇಳಿ ಹಾಕಿದ್ರೆ ಯಾವ ತಾಂಡೇಲನೂ (ದೋಣಿ ನಡೆಸೋ ಮುಖ್ಯಸ್ಥ) ಖುಷಿಯಿಂದ ಆನ್ ಮಾಡಲ್ಲ, ತನಗೆ ಮೀನು ಸಿಗೋ ಜಾಗ ಇನ್ನೊಬ್ಬರಿಗೆ ಗೊತ್ತಾಗ್ಲಿ ಅಂತ ಯಾರು ಬಯಸ್ತಾರೆ ಹೇಳಿ? ಇಂಜಿನ್ ಕೆಟ್ರೆ ಕರೆಯೋಕೆ, ತೂಫಾನ್ ಬರೋ ಮುಂಚೆ ಸುದ್ದಿ ತಿಳಿಯೋಕೆ ಇದೇ ಬೇಕು ಅಂತ ತೋರಿಸಿಕೊಟ್ರೆ ತಾವೇ ಹಾಕಿಸ್ಕೋತಾರೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆನೂ ಇದರಲ್ಲಿ ಮೆಸೇಜ್ ಎರಡೂ ಕಡೆ ಹೋಗುತ್ತೆ.

ಕರಾವಳಿ ಪೊಲೀಸರ 1093 ನಂಬರ್ ಇದೆ. ಅನುಮಾನ ಬಂದ ದೋಣಿ ಬಗ್ಗೆ ಒಬ್ಬ ಫೋನ್ ಮಾಡಿದ ಅಂದ್ಕೊಳ್ಳಿ, ಆಮೇಲೆ ಅವನನ್ನೇ ಠಾಣೆಗೆ ಕರೆದು ಕೂರಿಸ್ಕೊಂಡು, ನೀನ್ಯಾಕೆ ಅಲ್ಲಿದ್ದೆ, ಲೈಸೆನ್ಸ್ ತೋರ್ಸು ಅಂದ್ರೆ ಮುಂದಿನ ಸಲ ನೋಡಿದ್ರೂ ನೋಡದ ಹಾಗೆ ಹೋಗ್ತಾನೆ. ಅವತ್ತು ಮೀನು ಹಿಡಿಯೋದು ತಪ್ಪಿದ್ರೆ ನಷ್ಟ ಅವನದೇ ತಾನೆ. ಸುದ್ದಿ ಕೊಟ್ಟವನ ದೋಣಿ ತಡೆಯಬಾರದು, ಅವತ್ತಿನ ನಷ್ಟ ತುಂಬಿಕೊಡ್ಬೇಕು, ತನಿಖೆ ಏನಾಯ್ತು ಅಂತ ವಾಪಸ್ ಒಂದು ಫೋನ್ ಮಾಡಿ ಹೇಳ್ಬೇಕು. ಗೃಹ ಇಲಾಖೆ ಇಷ್ಟನ್ನ ಒಂದು ಆದೇಶದಲ್ಲಿ ಬರೆದು ಎಲ್ಲಾ ಬಂದರಲ್ಲೂ ಅಂಟಿಸ್ಲಿ, ಇದಕ್ಕೆ ಯಾವ ಟೆಂಡರೂ ಕರೀಬೇಕಾಗಿಲ್ಲ.

ಇಂತಿ,
ನಿಮ್ಮ ಓದುಗ