ಕೌಂಟರಿನ ಆಚೆ ನಿಂತವರು

ಗೋಣಿಕೊಪ್ಪ

ಪ್ರೀತಿಯ ಪುಟ್ಟಿ,

ಮಡಿಕೇರಿಯ ಹೋಟೆಲಿನಲ್ಲಿ ನಿನ್ನನ್ನು ಸ್ವಾಗತ ವಿಭಾಗದ ಮೇಲ್ವಿಚಾರಕಿ ಮಾಡಿದ್ದಾರೆಂದು ಅಪ್ಪ ಬೀದಿಗೆಲ್ಲ ಹೇಳಿ ಬಂದರು. ನನಗೂ ಹೆಮ್ಮೆಯೇ. ಬ್ಯಾಂಕಿನ ಕೌಂಟರಿನಲ್ಲಿ ಇಷ್ಟು ಕಾಲ ಕುಳಿತವಳು ನಾನು. ಒಂದು ವಿಷಯ ಹೇಳಬೇಕೆನಿಸಿದೆ.

ಕಳೆದ ಕಾಫಿ ಕೊಯ್ಲಿನಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿರುವ, ಯರವ ಬುಡಕಟ್ಟಿನ ಹೆಂಗಸೊಬ್ಬರು ಹಣ ತೆಗೆಯಲು ಬಂದಿದ್ದರು. ಅವರು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದವರು ಚೀಟಿ ತುಂಬಿ, ಹೆಬ್ಬೆಟ್ಟಿಗೆಂದು ಮಸಿಯ ಪ್ಯಾಡನ್ನು ಮುಂದಕ್ಕೆ ಸರಿಸಿದರು. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಪೆನ್ನು ಕೊಡಿ ಸಾರ್" ಎಂದರು. ದುಂಡಗಿನ ಕನ್ನಡ ಅಕ್ಷರಗಳಲ್ಲಿ, ನಿಧಾನವಾಗಿ ಸಹಿ ಹಾಕಿದರು. ಹಣ ಎಣಿಸಿಕೊಂಡು ಹೋಗುವಾಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಸಹೋದ್ಯೋಗಿ ಕೆಟ್ಟವರಲ್ಲ. ವಯಸ್ಸಾದವರು ಬಂದರೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುವವರು. ನೆರವಾಗಲೆಂದೇ ಹಾಗೆ ಮಾಡಿದ್ದು. ಪೂರ್ವಗ್ರಹಕ್ಕೆ ದ್ವೇಷವೇ ಬೇಕೆಂದಿಲ್ಲ, ಪುಟ್ಟಿ. ಮರುಕದ ಜೊತೆಗೂ ಬರುತ್ತದೆ, ಆಗ ಗುರುತು ಸಿಗುವುದು ಇನ್ನೂ ಕಷ್ಟ. "ಸಹಿ ಹಾಕುತ್ತೀರಾ?" ಎಂದು ಕೇಳಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ.

2018ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಯಾರಿಗೋ ಕಾಯುತ್ತ ಕುಳಿತಿದ್ದ ಇಬ್ಬರು ಕಪ್ಪುವರ್ಣೀಯರನ್ನು ಪೊಲೀಸರು ಕೈಕೋಳ ಹಾಕಿ ಕರೆದೊಯ್ದರು. ಮೇ 29ರ ಮಧ್ಯಾಹ್ನ ಕಂಪನಿ ತನ್ನ 8,000ಕ್ಕೂ ಹೆಚ್ಚು ಅಂಗಡಿಗಳನ್ನು ಮುಚ್ಚಿ ನೌಕರರಿಗೆ ತರಬೇತಿ ಕೊಟ್ಟಿತು. ಒಳ್ಳೆಯದೇ. ಆದರೆ ಒಂದು ಮಧ್ಯಾಹ್ನದಲ್ಲಿ ಮನಸ್ಸು ತಿದ್ದೀತೆಂಬ ನಂಬಿಕೆ ನನಗಿಲ್ಲ. ಕೆಲಸದ ಕ್ರಮ ತಿದ್ದಬಹುದು. ಬೆಂಗಳೂರಿನಿಂದ ದೊಡ್ಡ ಕಾರಿನಲ್ಲಿ ಬಂದವರಿಗೂ, ಬಸ್ಸಿಳಿದು ಬ್ಯಾಗು ಹೊತ್ತು ಬಂದವರಿಗೂ ಮೊದಲ ಮಾತು ಒಂದೇ ಇರಲಿ, ಕಾಯುವ ಸರದಿಯೂ ಒಂದೇ ಇರಲಿ. ಒಂಟಿಯಾಗಿ ಬಂದ ಹೆಣ್ಣುಮಗಳಿಗೆ ಬೇರೆಯವರಿಗೆ ಕೇಳದ ಪ್ರಶ್ನೆಗಳನ್ನು ಕೇಳಬೇಡಿ.

ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅರ್ಜಿಯಲ್ಲಿ ಅನುಭವವನ್ನು ಮೊದಲು ಓದು, ಹೆಸರನ್ನು ಆಮೇಲೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ಸಂಶೋಧಕರು ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದ್ದರು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬಂದದ್ದು ಕಡಿಮೆ ಎಂದು 2007ರಲ್ಲಿ ಪ್ರಕಟಿಸಿದರು.

ಕೊಠಡಿ ಸ್ವಚ್ಛ ಮಾಡುವ ಅಸ್ಸಾಮಿನ ಹುಡುಗನನ್ನು ಅಲ್ಲಿ ಎಲ್ಲರೂ "ಬಹಾದ್ದೂರ್" ಎಂದು ಕರೆಯುತ್ತಾರೆಂದು ಬರೆದಿದ್ದೆಯಲ್ಲ, ಅದು ಮನಸ್ಸಿನಿಂದ ಹೋಗಿಲ್ಲ. ಅವನ ಹೆಸರೇನು? ಅವನನ್ನೇ ಕೇಳಿ, ಪಾಳಿಯ ಪಟ್ಟಿಯಲ್ಲಿ ಬರೆದು, ನೀನು ಹಾಗೆಯೇ ಕರೆ. ಉಳಿದವರೂ ಕಲಿಯುತ್ತಾರೆ.

ನಿನ್ನ ಅಮ್ಮ