ಹಿಂದೆ ಬರ್ತಿದ್ದ ಅಣ್ಣಾ, ಥ್ಯಾಂಕ್ಸ್ ಕಣ್ರೀ

ಬೆಟ್ಟದ ತುದಿಯಿಂದ ಸಮುದ್ರದವರೆಗೆ ಗೈಡ್ ಜೊತೆ ಸೈಕಲ್ ರೈಡ್ ಅಂದಾಗ ಬರೀ ಇಳಿಜಾರು ತಾನೆ, ಪೆಡಲ್ ತುಳಿಯೋದೇ ಬೇಡ ಅಂತ ಜಂಬದಲ್ಲಿ ಹೊರಟೋಳು ನಾನು. ಮೂರನೇ ತಿರುವಿಗೇ ಬೆರಳೆಲ್ಲ ಮರಗಟ್ಟಿತ್ತು, ಬ್ರೇಕ್ ಬಿಟ್ಟಿದ್ರೆ ತಾನೆ! ಸುಟ್ಟ ವಾಸನೆ ಬೇರೆ. ಗೈಡ್ ಎಲ್ಲೋ ಮುಂದಿದ್ರು. ಗುಂಪಿನ ಕೊನೇಲಿ ಬರ್ತಿದ್ದ ನೀವು ನಿಲ್ಸಿ, "ರಿಮ್ ಮುಟ್ಬೇಡಿ, ಕಾದಿರುತ್ತೆ, ಆರ್ಲಿ" ಅಂದ್ರಿ, ನಿಮ್ ಗ್ಲೌಸನ್ನೇ ಬಿಚ್ಚಿ ಕೊಟ್ರಿ. ಆಮೇಲೆ ಹೇಳಿಕೊಟ್ರಲ್ಲ, ಬ್ರೇಕ್ ಒಂದೇ ಸಮ ಹಿಡ್ಕೊಂಡಿರ್ಬಾರ್ದು, ತಿರುವಿಗೆ ಮುಂಚೆನೇ ಎರಡೂ ಒತ್ತಿ ಸ್ಪೀಡ್ ಇಳಿಸಿ ಬ್ರೇಕ್ ಬಿಡ್ಬೇಕು, ಮೈಭಾರ ಸ್ವಲ್ಪ ಹಿಂದಕ್ಕೆ, ತಿರುವಿನ ಹೊರಗಡೆ ಪೆಡಲ್ ಕೆಳಗೆ, ಕಣ್ಣು ಗುಂಡಿ ಮೇಲಲ್ಲ ತಿರುವು ಮುಗಿಯೋ ಕಡೆ, ಅದೇ ನನ್ನನ್ನ ಕೆಳಗಿನವರೆಗೂ ತಂದಿದ್ದು. 1000 ಮೀಟರ್ ಇಳಿದ್ರೆ ಸುಮಾರು 6 ಡಿಗ್ರಿ ಸೆಖೆ ಜಾಸ್ತಿ ಅಂತಾರಲ್ಲ, ಅದು ಮೈಗೇ ಗೊತ್ತಾಯ್ತು, ಜರ್ಕಿನ್ ಬಿಚ್ಚೋಕೆ ನಿಂತು ತಿರುಗಿ ನೋಡಿದ್ರೆ ನೀವು ಇನ್ಯಾರದೋ ಕಳಚಿದ ಚೈನ್ ಹಾಕ್ತಾ ಕೂತಿದ್ರಿ. ಹೆಸರೂ ಕೇಳ್ಲಿಲ್ಲ ನೋಡಿ, ದಡದಲ್ಲಿ ಹುಡುಕೋಷ್ಟರಲ್ಲಿ ಹೊರಟೇಹೋಗಿದ್ರಿ. ಗ್ಲೌಸ್ ಇನ್ನೂ ನನ್ ಹತ್ರಾನೇ ಇದೆ, ತೊಳೆದಿಟ್ಟಿದೀನಿ.